ಕೆಚ್ಚಲಾಗದ ಹುರಿ

ಕುಣಿಮಗ್ಗ ಅರ್ಧ ಕೈಯ ಕೆಲಸ, ಅರ್ಧ ಕಾಲಿನ ಕೆಲಸ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ನೇಕಾರ ಕೆಳಗಿನ ಮಣೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾನೆ. ತುಳಿದಂತೆಲ್ಲ ಹಾಸಿನ ಎಳೆಗಳು ಮೇಲೆ ಕೆಳಗೆ ಸರಿದು ಬಾಯಿ ಬಿಡುತ್ತವೆ, ಆ ಬಾಯಿಯೊಳಗಿಂದ ಲಾಳಿ ಓಡುತ್ತದೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಈ ಸದ್ದು ಕೋಳಿ ಕೂಗುವ ಮೊದಲೇ ಏಳುತ್ತಿತ್ತು. ಈಗ ಕೈಮಗ್ಗಗಳು ಕಡಿಮೆಯಾಗಿವೆ. ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಒಂದು ಕುಣಿ ಮಾತ್ರ ಹಾಗೇ ಇದೆ. ಅದರ ಮೇಲೆ ಹಲಗೆ ಮುಚ್ಚಿದ್ದಾರೆ. ಹಲಗೆಯ ಮೇಲೆ ಒಂದು ಮಂಚ. ಮಂಚದ ಮೇಲೆ ಹನ್ನೊಂದು ವರ್ಷದಿಂದ ಕಾಕಾ.

ರಕ್ತಸಂಬಂಧದಿಂದ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ. ಹುಣಸೆ ಬಡಿಯಲು ಮರ ಹತ್ತಿದ್ದರು. ಟೊಂಗೆ ಮುರಿದು ಬೆನ್ನಡಿಯಾಗಿ ಬಿದ್ದರು. ಓಡಿ ಬಂದ ಮಂದಿ ಅಂತಃಕರಣದಿಂದಲೇ ಮಾಡಿದರು, ಆದರೆ ಮಾಡಬಾರದ್ದನ್ನೇ ಮಾಡಿದರು. ಇಬ್ಬರು ರಟ್ಟೆ ಹಿಡಿದು, ಇಬ್ಬರು ಕಾಲು ಹಿಡಿದು ಎತ್ತಿ ಟಂಟಂನಲ್ಲಿ ಮಡಚಿ ಕೂಡಿಸಿದರು. ಮೊದಲು ಎಕ್ಸ್‌ರೇ, ಆಮೇಲೆ ದೊಡ್ಡ ಊರಿನ ಆಸ್ಪತ್ರೆ, ಅಲ್ಲಿ ಆಪರೇಶನ್. 'ರಾಡ್ ಹಾಕ್ಯಾರಂತ, ನರ ಕೂಡಿಸ್ಯಾರಂತ' ಎಂದು ಓಣಿಯೆಲ್ಲ ಸುದ್ದಿಯಾಯಿತು. ರಾಡು, ಸ್ಕ್ರೂ ಹಾಕಿದ್ದು ಮುರಿದ ಎಲುಬಿಗೆ. ಅಲುಗುವ ಬೆನ್ನೆಲುಬು ನಿಲ್ಲಲಿ, ಒಳಗಿನ ಹುರಿಯ ಮೇಲಿನ ಒತ್ತು ಇಳಿಯಲಿ ಎಂದು. ಹುರಿಯನ್ನು ಯಾರೂ ಕೂಡಿಸಿರಲಿಲ್ಲ. ಕೂಡಿಸಲು ಬರುವುದಿಲ್ಲ ಎಂಬುದನ್ನು ಆ ಮನೆಯವರಿಗೆ ಕೂತು ಬಿಡಿಸಿ ಹೇಳಿದವರೂ ಇರಲಿಲ್ಲ.

ಹೊಕ್ಕುಳಿನಿಂದ ಕೆಳಗೆ ಅವರಿಗೆ ಸ್ವಾಧೀನವಿಲ್ಲ. ಈಗ ಮಂಚದ ಮೇಲೆ ಕೂತು ಬೇರೆಯವರ ಮಗ್ಗಕ್ಕೆ ಕಂಡಿಕೆ ಸುತ್ತಿಕೊಡುತ್ತಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ, ನಾನು ವಿಜ್ಞಾನದ ಬಗ್ಗೆ ಬರೆಯುವವನು ಎಂಬುದು ನೆನಪಾಗಿ ಕೇಳಿದರು:

"ಒಂದ ಮಾತ ಕೇಳ್ತೀನಿ ತಮ್ಮಾ. ಹಾಸು ಮುಗೀತಂದ್ರ ಸಾವಿರಾರ ಎಳಿ ಕೆಚ್ಚತಿದ್ದೆ. ಒಂದ ಎಳಿಗೆ ಚಿಟಿಕಿ ಹೊಡದಷ್ಟ ಹೊತ್ತು. ನನ್ನ ಬೆನ್ನಾಗ ಹರದದ್ದೂ ಎಳೀನ ಅಲ್ಲೇನು? ಅದನ್ಯಾಕ ಯಾರಿಗೂ ಕೆಚ್ಚಾಕ ಬರವಲ್ದು?"

ಕೆಚ್ಚುವುದು ಎಂಬ ಮಾತು ನೇಕಾರರ ಮನೆಯಾಚೆ ಈಗ ಕೇಳುವುದು ಅಪರೂಪ. ಮಗ್ಗದಲ್ಲಿ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಬೇಕು. ಬೆರಳಿಗೆ ಒಂದಿಷ್ಟು ಬೂದಿ ಮುಟ್ಟಿಸಿಕೊಂಡು, ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದರೆ ಗಂಟಿಲ್ಲದೆ ಒಂದಾಗುತ್ತವೆ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವ ಬಗೆ ನಾಡಿಗೇ ಹೆಸರಾಗಿದೆ. ಹರಿದದ್ದನ್ನು, ಮುಗಿದದ್ದನ್ನು ಮುಂದುವರಿಸುವುದೇ ಈ ಕಸುಬಿನ ಅರ್ಧ ಜಾಣತನ. ಅಂಥ ಕಸುಬಿನಲ್ಲಿ ಐವತ್ತು ವರ್ಷ ಕಳೆದವರು ಕೇಳಿದ ಪ್ರಶ್ನೆ ಅದು. ಲೋಕದ ದೊಡ್ಡ ಪ್ರಯೋಗಾಲಯಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳುತ್ತಿರುವುದೂ ಅದನ್ನೇ. ಆ ಸಂಜೆ ನಾನು ಕೊಟ್ಟ ಉತ್ತರ ಅರೆಬರೆ. ಪೂರ್ತಿ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಬೆನ್ನುಹುರಿ ಎಂಬ ಹೆಸರು ಕನ್ನಡಕ್ಕೆ ಚೆನ್ನಾಗಿ ಒಗ್ಗಿದೆ. ಹುರಿ ಎಂದರೆ ಹಲವು ಎಳೆ ಕೂಡಿಸಿ ಹೊಸೆದದ್ದು. ಬೆನ್ನೆಲುಬಿನ ಮಣಿಗಳ ಕೊಳವೆಯೊಳಗೆ ಮಿದುಳಿನ ಬುಡದಿಂದ ಇಳಿಯುವ ಈ ಹುರಿಯ ಉದ್ದ ಸುಮಾರು 45 ಸೆಂಟಿಮೀಟರ್, ದಪ್ಪ ಕಿರುಬೆರಳಿನಷ್ಟು. ಟೊಂಕದ ಮೇಲ್ಭಾಗ ಮುಟ್ಟುವಷ್ಟರಲ್ಲಿ ಹುರಿ ಮುಗಿದು, ಮುಂದೆ ನರಗಳ ಗೊಂಚಲು ಇಳಿಯುತ್ತದೆ. ಇಡೀ ಹುರಿಯಿಂದ 31 ಜೊತೆ ನರಗಳು ಕೈಕಾಲು, ಎದೆ, ಹೊಟ್ಟೆಗಳಿಗೆ ಕವಲೊಡೆಯುತ್ತವೆ. 'ಕಾಲು ಎತ್ತು' ಎಂಬಂಥ ಅಪ್ಪಣೆಗಳು ಮಿದುಳಿನಿಂದ ಇಳಿಯುವ ಮುಖ್ಯ ಹಾದಿಯೊಂದರಲ್ಲೇ ಒಂದೊಂದು ಬದಿಗೆ ಸುಮಾರು 10 ಲಕ್ಷ ಎಳೆಗಳಿವೆ. ಯಾವ ಮಗ್ಗಕ್ಕೂ ಇಷ್ಟು ದೊಡ್ಡ ಹಾಸು ಏರಿಲ್ಲ.

ಆದರೆ ಇಲ್ಲಿಯ ಎಳೆ ನೂಲಲ್ಲ, ಒಂದು ಜೀವಕೋಶದ ತೋಳು. ಆಕ್ಸಾನ್ ಎನ್ನುತ್ತಾರೆ. ಮಿದುಳಿನ ಹೊರಪದರದಲ್ಲಿ ಕೂತ ಒಂದು ನರಕೋಶ ತನ್ನ ಆಕ್ಸಾನನ್ನು ಬೆನ್ನುಹುರಿಯ ಕೆಳತುದಿಯವರೆಗೂ ಚಾಚಿರುತ್ತದೆ. ಅಲ್ಲಿ ಕಾದು ಕೂತ ಇನ್ನೊಂದು ಕೋಶ ತನ್ನ ಎಳೆಯನ್ನು ಕಾಲಿನ ಹೆಬ್ಬೆರಳವರೆಗೆ, ಹತ್ತಿರ ಹತ್ತಿರ ಒಂದು ಮೀಟರ್ ಉದ್ದ ಚಾಚಿರುತ್ತದೆ. ಕೋಶದ ಒಡಲು ಮೇಲೆಲ್ಲೋ ಇದೆ. ಅನ್ನ, ದುರಸ್ತಿ ಎಲ್ಲ ಅಲ್ಲಿಂದಲೇ ಬರಬೇಕು. ಎಳೆ ನಡುವೆ ತುಂಡಾದರೆ ಒಡಲಿನ ಕಡೆಯ ತುಂಡು ಬದುಕುತ್ತದೆ, ಆಚೆಯ ತುಂಡಿಗೆ ಅನ್ನ ನಿಂತು ಅದು ಕೊಳೆತು ಚೂರಾಗುತ್ತದೆ. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಇದನ್ನು ತೋರಿಸಿದ. ಇಂದಿಗೂ ಆ ಕೊಳೆಯುವಿಕೆಗೆ ಅವನದೇ ಹೆಸರು.

ಕಾಕಾನ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಕೆಚ್ಚಲು ಎರಡು ತುದಿ ಬೇಕು. ಹರಿದ ಬೆನ್ನುಹುರಿಯಲ್ಲಿ ಕೆಲವು ದಿನ ಕಳೆಯುವಷ್ಟರಲ್ಲಿ ಆಚೆಯ ತುದಿಯೇ ಇರುವುದಿಲ್ಲ. ಉಳಿದ ತುದಿ ಹೊಸದಾಗಿ ಬೆಳೆದು ತನ್ನ ಹಳೆಯ ಜಾಗಕ್ಕೆ ನಡೆದು ಹೋಗಬೇಕು, ಬೇರೆ ದಾರಿಯಿಲ್ಲ.

ನಡೆದು ಹೋಗುವುದು ಅಸಾಧ್ಯವೇನಲ್ಲ. ಕೊಯ್ಲಿನಲ್ಲಿ ಕುಡುಗೋಲು ತಾಗಿ ಮಣಿಕಟ್ಟಿನ ನರ ಕಡಿದುಕೊಂಡವರು ನಮ್ಮ ಸೀಮೆಯ ಹಳ್ಳಿ ಹಳ್ಳಿಯಲ್ಲಿ ಸಿಗುತ್ತಾರೆ. ಸರ್ಜನ್ ಆ ನರದ ಹೊರಕವಚವನ್ನು ಹೊಲಿದು ಕಳಿಸುತ್ತಾರೆ. ತಿಂಗಳುಗಳು ಕಳೆದ ಮೇಲೆ ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಗುಡುತ್ತದೆ, ನಿಧಾನಕ್ಕೆ ಸ್ಪರ್ಶ ಬರುತ್ತದೆ. ಕೈಕಾಲಿನ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಗೇಣು ದೂರಕ್ಕೆ ಆರೇಳು ತಿಂಗಳು. ಅಲ್ಲಿ ನಡೆಯುವ ಕೆಲಸ ಬಲು ಅಚ್ಚುಕಟ್ಟು. ಸತ್ತ ತುಂಡಿನ ಕಸವನ್ನು ರಕ್ತದಿಂದ ಬಂದ ಭಕ್ಷಕ ಕೋಶಗಳು ಬೇಗ ಬೇಗ ಗುಡಿಸಿ ಹಾಕುತ್ತವೆ. ಎಳೆಗೆ ಹೊದಿಕೆಯಾಗಿದ್ದ ಶ್ವಾನ್ ಕೋಶಗಳು ಸಾಯದೆ ಸಾಲಾಗಿ ನಿಂತು ಖಾಲಿ ಕೊಳವೆಯಾಗುತ್ತವೆ, ಬೆಳವಣಿಗೆಗೆ ಬೇಕಾದ ರಸಗಳನ್ನು ಒಸರುತ್ತವೆ. ಹೊಸ ಎಳೆ ಆ ಕೊಳವೆಯ ಒಳಗೊಳಗೇ ಸಾಗಿ ತನ್ನ ಮನೆ ಮುಟ್ಟುತ್ತದೆ.

ಅದೇ ದೇಹ, ಅದೇ ಬಗೆಯ ಎಳೆ. ಬೆನ್ನೆಲುಬಿನ ಹೊರಗೆ ಬೆಳೆಯುವುದು ಒಳಗೆ ಯಾಕೆ ಬೆಳೆಯುವುದಿಲ್ಲ?

ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್ ಈ ಪ್ರಶ್ನೆಯ ಮುಂದೆ ವರ್ಷಗಟ್ಟಲೆ ಸೂಕ್ಷ್ಮದರ್ಶಕ ಹಿಡಿದು ಕೂತ. ಬೆಳೆಯುವ ಎಳೆಯ ತುದಿಯಲ್ಲಿ ಅಂಗೈಯಂತೆ ಹರಡಿ ದಾರಿ ತಡಕುವ ಶಂಕುವನ್ನು 1890ರಲ್ಲಿ ಮೊದಲು ಕಂಡವನು ಅವನೇ. 1906ರಲ್ಲಿ ನೊಬೆಲ್ ಬಂತು. 1913–14ರಲ್ಲಿ ಅವನು ಪ್ರಕಟಿಸಿದ ಎರಡು ಸಂಪುಟಗಳಲ್ಲಿ ಕಡಿದ ಬೆನ್ನುಹುರಿಯ ಚಿತ್ರಗಳಿವೆ. ಎಳೆಗಳು ಗಾಯವಾದ ಮೊದಮೊದಲು ಚಿಗುರುತ್ತವೆ, ಒಂದಿಷ್ಟು ಮುಂದೆ ಬರುತ್ತವೆ, ಆಮೇಲೆ ನಿಂತುಬಿಡುತ್ತವೆ. ತುದಿ ಗುಂಡಗೆ ಊದಿಕೊಂಡು ಹಿಂದೆ ಸರಿಯುತ್ತದೆ. ನೋಡಿದರೆ ಸಂಕಟವಾಗುವ ಚಿತ್ರಗಳವು. ಬಹಳ ಜನ ಇದರಿಂದ ತೆಗೆದ ಅರ್ಥ ಒಂದೇ: ಮಿದುಳು, ಬೆನ್ನುಹುರಿಯ ಎಳೆಗಳಿಗೆ ಬೆಳೆಯುವ ಕಸುವೇ ಇಲ್ಲ. ಆದರೆ ಕಹಾಲನ ಶಿಷ್ಯ ಫ್ರಾನ್ಸಿಸ್ಕೊ ತೆಲ್ಲೊ 1911ರಷ್ಟು ಹಿಂದೆಯೇ ಕಾಲಿನ ನರದ ತುಣುಕನ್ನು ಮಿದುಳಿನಲ್ಲಿ ನೆಟ್ಟು, ಮಿದುಳಿನ ಎಳೆಗಳು ಅದರೊಳಗೆ ನುಗ್ಗುವುದನ್ನು ಕಂಡಿದ್ದ. ಎಪ್ಪತ್ತು ವರ್ಷ ಅದು ಹೆಚ್ಚುಕಡಿಮೆ ಮೂಲೆಯಲ್ಲೇ ಉಳಿಯಿತು.

1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಇಲಿಯ ಕಾಲಿನ ನರದ ತುಂಡೊಂದನ್ನು ತೆಗೆದು ಅದರ ಒಂದು ತುದಿಯನ್ನು ಮಿದುಳಿನ ಬುಡಕ್ಕೆ, ಇನ್ನೊಂದು ತುದಿಯನ್ನು ಬೆನ್ನುಹುರಿಗೆ ನೆಟ್ಟರು, ಬೆನ್ನೆಲುಬಿನ ಹೊರಗಿನಿಂದ ಹಾಕಿದ ಸೇತುವೆಯಂತೆ. ಬೆಳೆಯುವ ಕಸುವಿಲ್ಲವೆಂದು ನೂರು ಬಾರಿ ಹೇಳಿಸಿಕೊಂಡಿದ್ದ ಕೋಶಗಳು ಆ ಸೇತುವೆಯೊಳಗೆ ಸುಮಾರು 30 ಮಿಲಿಮೀಟರ್ ಎಳೆ ಚಾಚಿದವು. ಇಲಿಯ ಮೈಗೆ ಅದು ದೊಡ್ಡ ದೂರ. ಸೇತುವೆ ಮುಗಿದು ಮತ್ತೆ ಬೆನ್ನುಹುರಿಯ ನೆಲ ಸಿಕ್ಕೊಡನೆ ಒಂದೆರಡು ಮಿಲಿಮೀಟರ್ ಹೋಗಿ ನಿಂತವು.

ಈ ಪ್ರಯೋಗವನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಅಲ್ಲಿಯವರೆಗೂ ಎಳೆಯ ಮೇಲೆ ಹೊರಿಸಿದ್ದ ತಪ್ಪು ಒಂದೇ ಏಟಿಗೆ ನೆಲದ ಮೇಲೆ ಬಂತು. ಬಿತ್ತ ಸರಿಯಿತ್ತು, ಹೊಲ ಬೆಳೆಗೊಡುತ್ತಿರಲಿಲ್ಲ.

ಆ ಹೊಲದಲ್ಲಿ ಏನಿದೆ ಎಂದು ಕೆದಕಿದವರು ಸ್ವಿಟ್ಜರ್ಲೆಂಡಿನ ಮಾರ್ಟಿನ್ ಶ್ವಾಬ್. 1985ರಲ್ಲಿ ಅವರು ಗಾಜಿನ ತಟ್ಟೆಯಲ್ಲಿ ನರಕೋಶಗಳನ್ನು ಬೆಳೆಸಿ, ಅವುಗಳ ಮುಂದೆ ಎರಡು ತುಣುಕು ಇಟ್ಟರು. ಒಂದು ಕಾಲಿನ ನರದ್ದು, ಇನ್ನೊಂದು ಕಣ್ಣಿನ ನರದ್ದು. ಕಣ್ಣಿನ ನರ ಹೆಸರಿಗೆ ನರ, ನಿಜದಲ್ಲಿ ಮಿದುಳಿನದೇ ಚಾಚು. ಅದು ಹರಿದರೂ ಬೆಳೆಯುವುದಿಲ್ಲ. ಬೇಕಾದ ಪೋಷಣೆಯೆಲ್ಲ ತಟ್ಟೆಯಲ್ಲಿತ್ತು. ವಾರಗಳು ಕಳೆದ ಮೇಲೆ ನೋಡಿದರೆ ಕಾಲಿನ ನರದೊಳಗೆ ಎಳೆಗಳು ಕಿಕ್ಕಿರಿದಿದ್ದವು, ಕಣ್ಣಿನ ನರದೊಳಗೆ ಒಂದೂ ಹೊಕ್ಕಿರಲಿಲ್ಲ. ಪೋಷಣೆ ಸಾಲದ್ದರಿಂದ ನಿಂತದ್ದಲ್ಲ, ಯಾವುದೋ ವಸ್ತು ತಡೆಯುತ್ತಿದೆ ಎಂಬುದು ಖಚಿತವಾಯಿತು.

ಆ ವಸ್ತು ಇರುವುದು ಎಳೆಗಳ ಹೊದಿಕೆಯಲ್ಲಿ. ಬೆನ್ನುಹುರಿಯೊಳಗೆ ಶ್ವಾನ್ ಕೋಶಗಳಿಲ್ಲ. ಅಲ್ಲಿ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುವುದು ಬೇರೆ ಬಗೆಯ ಕೋಶ. ಒಂದೊಂದೂ ಹತ್ತಾರು ಎಳೆಗಳಿಗೆ ಸುತ್ತಿರುತ್ತದೆ. ಈ ಮಯಲಿನ್ ಮೇಲೆ ಬೆಳವಣಿಗೆ ತಡೆಯುವ ಪ್ರೋಟೀನುಗಳು ಕೂತಿವೆ. ಬೆಳೆಯುವ ಶಂಕು ಅವನ್ನು ಮುಟ್ಟಿದ ಕೂಡಲೇ ಮುದುಡಿಕೊಳ್ಳುತ್ತದೆ. ಅವುಗಳಲ್ಲಿ ಮುಖ್ಯವಾದ ಒಂದರ ಜೀನನ್ನು 2000ದಲ್ಲಿ ಮೂರು ತಂಡಗಳು ಒಟ್ಟಿಗೇ ಗುರುತಿಸಿದವು. ಅದಕ್ಕೆ ನೋಗೊ ಎಂದು ಹೆಸರು. ಮುಂದೆ ಹೋಗಬೇಡ ಎಂದೇ ಅರ್ಥ. ಗಾಯದಲ್ಲಿ ಹೊದಿಕೆ ಚೂರಾದಾಗ ಈ ಕಸ ಹುರಿಯೊಳಗೇ ಉಳಿಯುತ್ತದೆ. ಕೈಕಾಲಿನಲ್ಲಿ ವಾರಗಳಲ್ಲಿ ಮುಗಿಯುವ ಕಸಗುಡಿಸುವ ಕೆಲಸ ಇಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕುಂಟುತ್ತದೆ.

ಇದು ಒಂದು ತಡೆ ಮಾತ್ರ. ಬಿದ್ದ ಆ ಕ್ಷಣದಲ್ಲಿ ಎಷ್ಟು ಹರಿಯಿತೋ ಗಾಯ ಅಷ್ಟಕ್ಕೇ ನಿಲ್ಲುವುದಿಲ್ಲ. ಮುಂದಿನ ತಾಸುಗಳಲ್ಲಿ, ದಿನಗಳಲ್ಲಿ ಸುತ್ತಲಿನ ಸಣ್ಣ ರಕ್ತನಾಳಗಳು ಒಡೆಯುತ್ತವೆ, ಊತ ಬರುತ್ತದೆ, ಸತ್ತ ಕೋಶಗಳಿಂದ ಚೆಲ್ಲಿದ ರಾಸಾಯನಿಕಗಳು ಪಕ್ಕದ ಆರೋಗ್ಯವಂತ ಕೋಶಗಳನ್ನೂ ಕೊಲ್ಲುತ್ತವೆ. ಬಿದ್ದವರನ್ನು ಮಡಚಿ ಎತ್ತಬಾರದು ಎನ್ನುವುದೂ ಗಾಯ ಹೀಗೆ ಬೆಳೆಯಬಾರದೆಂದೇ. ಮಡಚಿದರೆ ಇನ್ನೂ ಹರಿಯದೆ ಉಳಿದ ಎಳೆಗಳು ಮುರಿದ ಎಲುಬಿನ ಚೂಪಿಗೆ ಸಿಕ್ಕಿ ಹರಿಯುತ್ತವೆ. ಬೆನ್ನು, ಕುತ್ತಿಗೆಗೆ ಪೆಟ್ಟಾಗಿದೆ ಎಂಬ ಅನುಮಾನ ಬಂದರೂ ಸಾಕು, 108ಕ್ಕೆ ಕರೆ ಮಾಡಿ, ಬರುವವರೆಗೆ ಅಲುಗಿಸದೆ ಬಿಡಬೇಕು. ಸರಿಸಲೇಬೇಕಾದರೆ ತಲೆ, ಕುತ್ತಿಗೆ, ಸೊಂಟ ಒಂದೇ ಗೆರೆಯಲ್ಲಿರುವಂತೆ ನಾಲ್ಕಾರು ಜನ ಒಟ್ಟಿಗೆ, ಮರದ ದಿಮ್ಮಿ ಹೊರಳಿಸಿದಂತೆ ಹೊರಳಿಸಿ ಹಲಗೆಯ ಮೇಲೆ ತೆಗೆದುಕೊಳ್ಳಬೇಕು. ಪ್ರತಿ ಓಣಿಯ ಹುಡುಗರಿಗೆ ಇಷ್ಟು ಕಲಿಸಿದ್ದರೆ ಎಷ್ಟೋ ಜನರ ಹುರಿಯಲ್ಲಿ ಇನ್ನೊಂದಿಷ್ಟು ಎಳೆ ಉಳಿಯುತ್ತಿದ್ದವು.

ಗಾಯದ ನಡುವೆ ಸತ್ತ ಭಾಗ ಕರಗಿ ಹಲವರಲ್ಲಿ ನೀರು ತುಂಬಿದ ಪೊಟರೆಯಾಗುತ್ತದೆ. ಅದರ ಸುತ್ತ ನಕ್ಷತ್ರದಾಕಾರದ ಆಸ್ಟ್ರೋಸೈಟ್ ಕೋಶಗಳು ಒತ್ತಾಗಿ ಹೆಣೆದುಕೊಂಡು ಗೋಡೆ ಕಟ್ಟುತ್ತವೆ. ಗೋಡೆಯ ಆಸುಪಾಸಿನಲ್ಲಿ ಸಕ್ಕರೆಯ ಸರಪಳಿ ತೊಟ್ಟ ಪ್ರೋಟೀನುಗಳು ತುಂಬಿರುತ್ತವೆ. ಇವೂ ಎಳೆಯನ್ನು ತಡೆಯುತ್ತವೆ, ಇದು ಎರಡನೆಯ ತಡೆ. 2002ರಲ್ಲಿ ಎಲಿಜಬೆತ್ ಬ್ರಾಡ್‌ಬರಿ ಮತ್ತು ಸಂಗಡಿಗರು ಒಂದು ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವದಿಂದ ಇಲಿಗಳಲ್ಲಿ ಆ ಸಕ್ಕರೆ ಸರಪಳಿಗಳನ್ನು ಕತ್ತರಿಸಿದಾಗ ಎಳೆಗಳು ಒಂದಿಷ್ಟು ಮುಂದೆ ಬಂದವು, ಇಲಿಗಳ ನಡಿಗೆಯೂ ಸುಧಾರಿಸಿತು. ಹಾಗಾದರೆ ಗೋಡೆಯನ್ನೇ ಕೆಡವಿದರೆ? ಕೆಡವಿ ನೋಡಿದವರಿದ್ದಾರೆ. ಗಾಯ ಇನ್ನಷ್ಟು ಹರಡಿತು. 2016ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಸೋಫ್ರೋನ್ಯೂ ತಂಡ ಗೋಡೆ ಕಟ್ಟದಂತೆ ತಡೆದರೂ ಎಳೆಗಳು ಬೆಳೆಯುವುದಿಲ್ಲ, ಬದಲಿಗೆ ಆ ಕೋಶಗಳೇ ಬೆಳವಣಿಗೆಗೆ ಆಸರೆ ಕೊಡಬಲ್ಲವು ಎಂದು ತೋರಿಸಿತು. ನಾವು ಶತ್ರು ಎಂದು ಬಗೆದದ್ದು ಉಳಿದ ಮನೆಗೆ ಬೆಂಕಿ ಹಬ್ಬದಂತೆ ಅಡ್ಡ ನಿಂತ ಕಾವಲುಗಾರನೂ ಹೌದು.

ಮೂರನೆಯ ತಡೆ ಎಳೆಯ ಮೂಲದಲ್ಲೇ ಇದೆ. ಹೊಲದ ಮೇಲೆ ಹೊರಿಸಿದ ತಪ್ಪನ್ನು ಇಲ್ಲಿ ಸ್ವಲ್ಪ ಹಿಂದೆ ತೆಗೆದುಕೊಳ್ಳಬೇಕು. ಗರ್ಭದಲ್ಲಿದ್ದಾಗ ನರಕೋಶಕ್ಕೆ ಬೆಳೆಯುವುದೇ ಕೆಲಸ. ಗುರಿ ಮುಟ್ಟಿ ಇನ್ನೊಂದು ಕೋಶದೊಂದಿಗೆ ಮಾತು ಶುರುವಾದ ಮೇಲೆ ಬೆಳವಣಿಗೆಯ ಜೀನುಗಳನ್ನು ಅದು ಒಂದೊಂದಾಗಿ ಆರಿಸುತ್ತದೆ. 2008ರಲ್ಲಿ ಬಾಸ್ಟನ್ನಿನ ಝಿಗಾಂಗ್ ಹೆ ಅವರ ತಂಡ ಇಲಿಗಳ ಕಣ್ಣಿನ ನರದಲ್ಲಿ, 2010ರಲ್ಲಿ ಬೆನ್ನುಹುರಿಯಲ್ಲಿ, ಪಿಟೆನ್ ಎಂಬ ಜೀನನ್ನು ತೆಗೆದುಹಾಕಿ ಈ ಬೆಳವಣಿಗೆಯನ್ನು ಮತ್ತೆ ಹೊತ್ತಿಸಿತು. ಯಾವತ್ತೂ ಬೆಳೆಯದೆ ಹಟ ಹಿಡಿದಿದ್ದ ಮಿದುಳಿನ ಎಳೆಗಳು ಗಾಯ ದಾಟಿ ಬೆಳೆದವು. ಆದರೆ ಪಿಟೆನ್ ನಮ್ಮ ಮೈಯಲ್ಲಿ ಕ್ಯಾನ್ಸರ್ ಕಾಯುವ ಜೀನು. ಅದನ್ನು ಮನುಷ್ಯರಲ್ಲಿ ಸಲೀಸಾಗಿ ಕಿತ್ತು ಹಾಕುವಂತಿಲ್ಲ.

ಈ ಮೂರನೆಯ ತಡೆಗೆ ಇಲಿಯ ಮೈಯಲ್ಲೇ ಒಂದು ಸಾಕ್ಷಿಯಿದೆ. ಕಾಲಿನ ಸ್ಪರ್ಶ ಒಯ್ಯುವ ಕೋಶಕ್ಕೆ ಎರಡು ಕವಲು. ಒಂದು ಕಾಲಿಗೆ, ಒಂದು ಬೆನ್ನುಹುರಿಯೊಳಗೆ. ಕಾಲಿನ ಕವಲು ಹರಿದರೆ ಬೆಳೆಯುತ್ತದೆ, ಒಳಗಿನದು ಬೆಳೆಯುವುದಿಲ್ಲ. ಆದರೆ ಮೊದಲು ಕಾಲಿನ ಕವಲನ್ನು ಗಾಯಗೊಳಿಸಿ, ಕೆಲವು ದಿನ ಬಿಟ್ಟು ಒಳಗಿನದನ್ನು ಹರಿದರೆ, ಒಳಗಿನದೂ ಬೆಳೆಯುತ್ತದೆ! ಹೊರಗಿನ ಗಾಯ ಕೋಶವನ್ನು ಎಬ್ಬಿಸಿರುತ್ತದೆ. ಎದ್ದ ಕೋಶಕ್ಕೆ ಅದೇ ಕೆಟ್ಟ ನೆಲವೂ ಪೂರಾ ಅಡ್ಡಿಯಾಗುವುದಿಲ್ಲ.

ಜೀಬ್ರಾಮೀನಿನ ಬೆನ್ನುಹುರಿಯನ್ನು ಪೂರ್ತಿ ಕತ್ತರಿಸಿದರೂ ಎರಡು ತಿಂಗಳೊಳಗೆ ಅದು ಮತ್ತೆ ಈಜುತ್ತದೆ. ಕಪ್ಪೆಯ ಸಂಬಂಧಿಯಾದ ಸಲಮಾಂಡರ್ ಕೂಡ ಹಾಗೇ. ನಮಗೇಕೆ ಇಲ್ಲ? ವಿಜ್ಞಾನಿಗಳ ಊಹೆಯೊಂದು ನನಗೆ ಒಪ್ಪಿತವಾಗಿದೆ. ಕೋಟಿ ಕೋಟಿ ಕೊಂಡಿಗಳ ಮಿದುಳಿನಲ್ಲಿ ಕಲಿತದ್ದು ನಿಲ್ಲಬೇಕಾದರೆ ಎಳೆಗಳು ಕಂಡಕಂಡಲ್ಲಿ ಚಿಗುರಬಾರದು. ಬಾಲ್ಯದಲ್ಲಿ ಲಾಳಿ ಹಿಡಿಯಲು ಕಲಿತ ಕೈ ಎಪ್ಪತ್ತರಲ್ಲೂ ಅದನ್ನು ಮರೆಯದಿರುವುದು ಈ ಕಟ್ಟುಪಾಡಿನಿಂದ. ಗಾಯದ ಸುತ್ತ ಎಳೆ ತಡೆಯುವ ಸಕ್ಕರೆ-ಪ್ರೋಟೀನುಗಳೇ ಮಿದುಳಿನಲ್ಲಿ ಬೆಳೆದ ಕೋಶಗಳ ಸುತ್ತ ಬಲೆ ಹೆಣೆದು ಹಳೆಯ ಕೊಂಡಿಗಳನ್ನು ಕಾಯುತ್ತವೆ. ನೆನಪನ್ನೂ ಕಸುಬನ್ನೂ ಕಾಯುವ ಬೇಲಿಯೇ ಬಿದ್ದ ದಿನ ದಾರಿಗೆ ಅಡ್ಡವಾಯಿತು.

ಕಾಕಾನ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಬೆನ್ನುಹುರಿಗೆ ಪೆಟ್ಟಾದ ಎಷ್ಟೋ ಮನೆಗಳಲ್ಲಿ ಅದು ನಡೆಯುತ್ತದೆ. ಬಿದ್ದು ಎರಡು ತಿಂಗಳಾಗಿತ್ತು. ಹಿಟ್ಟಿನ ಮುದ್ದೆಯಂತೆ ಬಿದ್ದಿದ್ದ ಕಾಲು ಒಂದು ರಾತ್ರಿ ತಾನಾಗಿ ಜಗ್ಗಿ, ಮಂಡಿ ಮಡಚಿಕೊಂಡು ಕುಣಿಯಿತು. ಕಾಕಾನ ಹೆಂಡತಿ ಚಿಗವ್ವ ಓಣಿಗೆಲ್ಲ ಸಕ್ಕರೆ ಹಂಚಿದರು. 'ನರ ಕೂಡತು' ಎಂದರು. ಮರುದಿನವೂ ಕುಣಿಯಿತು, ಮುಂದಿನ ವಾರವೂ. ಕಾಕಾ ಎತ್ತು ಎಂದರೆ ಮಾತ್ರ ಏಳಲಿಲ್ಲ. ಆ ಸೆಟೆತ ಎಳೆ ಕೂಡಿದ್ದರ ಗುರುತಾಗಿರಲಿಲ್ಲ. ಗಾಯದ ಕೆಳಗಿನ ಹುರಿ ಮೊದಲ ವಾರಗಳ ಆಘಾತದಿಂದ ಎಚ್ಚೆತ್ತು, ಮೇಲಿನ ಹಿಡಿತವಿಲ್ಲದೆ ತನ್ನಷ್ಟಕ್ಕೇ ದುಡಿಯತೊಡಗಿತ್ತು.

ಆ ಸಕ್ಕರೆ ಪೂರ್ತಿ ವ್ಯರ್ಥವಾಯಿತು ಎಂದು ನಾನು ಹೇಳಲಾರೆ. ಆ ಕುಣಿತ ಹೇಳುತ್ತಿದ್ದ ಒಂದು ನಿಜವಿತ್ತು: ಕೆಳಗಿನ ಹುರಿ ಬದುಕಿದೆ. ಪೋಲಿಯೊದಲ್ಲಿ ಹೀಗಲ್ಲ, ಅಲ್ಲಿ ವೈರಾಣು ಸ್ನಾಯುವನ್ನು ನಡೆಸುವ ಕೋಶವನ್ನೇ ಕೊಂದುಹಾಕುತ್ತದೆ. ಕಾಕಾನಲ್ಲಿ ಅಪ್ಪಣೆ ಕೊಡುವ ಕೋಶ ಮಿದುಳಿನಲ್ಲಿ ಇದೆ. ಅಪ್ಪಣೆ ಪಾಲಿಸುವ ಕೋಶ ಟೊಂಕದ ಹತ್ತಿರ ಇದೆ. ನಡಿಗೆಯ ಲಯ ಹಾಕುವ ಜಾಲವೂ ಅಲ್ಲೇ, ಕೆಳಗಿನ ಹುರಿಯಲ್ಲೇ ಇದೆ. ನಡುವೆ ಎರಡು ಬೆರಳಗಲದ ಜಾಗ.

ಇತ್ತೀಚಿನ ಯತ್ನಗಳಲ್ಲಿ ಕೆಲವು ಈ ಜಾಗವನ್ನು ದಾಟಿಸುವ ಬದಲು ಕೆಳಗಿನ ಹುರಿಯನ್ನೇ ಮಾತಾಡಿಸುತ್ತಿವೆ. ಸ್ವಿಟ್ಜರ್ಲೆಂಡಿನ ಗ್ರೆಗೊಯಿರ್ ಕೋರ್ಟಿನ್ ತಂಡ ಬೆನ್ನುಹುರಿಯ ಮೇಲ್ಪದರದಲ್ಲಿ ವಿದ್ಯುತ್ ತಂತಿಗಳನ್ನಿಟ್ಟು, ಹೆಜ್ಜೆಯ ಲಯಕ್ಕೆ ತಕ್ಕ ಮಿಡಿತ ಕೊಟ್ಟು, ವರ್ಷಗಳಿಂದ ನಡೆಯದಿದ್ದ ಮೂವರನ್ನು ಆಸರೆಯೊಂದಿಗೆ ನಡೆಸಿದ್ದನ್ನು 2018ರಲ್ಲಿ ಪ್ರಕಟಿಸಿತು. ಅವರ ಹುರಿಯಲ್ಲಿ ಒಂದಿಷ್ಟು ಎಳೆಗಳು ಉಳಿದಿದ್ದವು. ಉಳಿದ ಎಳೆಗಳು ತರಬೇತಿಯಿಂದ ಹೊಸ ಕವಲೊಡೆಯುತ್ತವೆ, ಅಡ್ಡದಾರಿ ಹುಡುಕುತ್ತವೆ. ಫಿಸಿಯೊಥೆರಪಿಯನ್ನು ಆರು ತಿಂಗಳಿಗೆ ಬಿಟ್ಟುಬಿಡುವವರು ಇದನ್ನು ನೆನಪಿಡಬೇಕು. ನೋಗೊವನ್ನು ಕಟ್ಟಿಹಾಕುವ ಪ್ರತಿಕಾಯವನ್ನು ಯುರೋಪಿನ ಆಸ್ಪತ್ರೆಗಳಲ್ಲಿ ಕುತ್ತಿಗೆಗೆ ಪೆಟ್ಟಾದ 126 ಜನರ ಮೇಲೆ ಪರೀಕ್ಷಿಸಿ 2024ರ ಕೊನೆಗೆ ಫಲಿತಾಂಶ ಹೊರಬಂತು. ಒಟ್ಟಾರೆ ಕೈಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹುರಿ ಪೂರ್ತಿ ಹರಿಯದವರಲ್ಲಿ ಮಾತ್ರ ಒಳ್ಳೆಯ ಸೂಚನೆಗಳಿದ್ದವು. ಮೂವತ್ತು ವರ್ಷಕ್ಕೂ ಹೆಚ್ಚಿನ ದುಡಿಮೆಯ ಫಲ ಇಷ್ಟು. ಜಪಾನಿನ ಕಿಯೊ ವಿಶ್ವವಿದ್ಯಾಲಯ 2025ರ ಮಾರ್ಚಿನಲ್ಲಿ ಕಾಂಡಕೋಶದಿಂದ ಬೆಳೆಸಿದ, ನರಕೋಶಗಳಾಗಬಲ್ಲ ಕೋಶಗಳನ್ನು ನಾಲ್ವರಿಗೆ ನೆಟ್ಟ ಸುದ್ದಿ ಕೊಟ್ಟಿತು, ಇಬ್ಬರಲ್ಲಿ ಸುಧಾರಣೆ ಎಂದಿತು. ನಾಲ್ವರು ಬಹಳ ಸಣ್ಣ ಸಂಖ್ಯೆ.

ಇಷ್ಟು ನಿಧಾನದ, ಇಷ್ಟು ಪ್ರಾಮಾಣಿಕ ದಾರಿಯ ಪಕ್ಕದಲ್ಲೇ ಒಂದು ಅಡ್ಡದಾರಿಯೂ ತೆರೆದಿದೆ. ಕಾಕಾನ ಮಗನ ಮೊಬೈಲಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ನಿನ ವಿಡಿಯೊಗಳು ಬರುತ್ತಿದ್ದವು. ಲಕ್ಷಗಟ್ಟಲೆ ಹಣದ ಮಾತು. ಇದ್ದ ಅರ್ಧ ಮನೆ ಮಾರುವ ಯೋಚನೆಯೂ ನಡೆದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಉಳಿದೆಲ್ಲದಕ್ಕೂ ಕಾಂಡಕೋಶ ಬಳಕೆ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು, ಅಂಥ ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆ ಹಣ ಖರ್ಚಾಗಬೇಕಾದ ಜಾಗ ಬೇರೆ. ಬೆನ್ನುಹುರಿ ಹರಿದವರನ್ನು ಹೆಚ್ಚಾಗಿ ಕೊಂಡೊಯ್ಯುವುದು ಹಾಸಿಗೆ ಹುಣ್ಣು, ಮೂತ್ರಕೋಶದ ಸೋಂಕು. ಮೊದಲ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡ ಸೈನಿಕರಲ್ಲಿ ಬಹುಪಾಲು ಜನ ಬೇಗನೆ ತೀರಿಕೊಂಡದ್ದು ಇವುಗಳಿಂದಲೇ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್‌ಮನ್ ಹಗಲು ರಾತ್ರಿ ಎರಡು ತಾಸಿಗೊಮ್ಮೆ ರೋಗಿಯ ಮಗ್ಗಲು ಬದಲಿಸುವ ಶಿಸ್ತು ತಂದು ಸಾವನ್ನು ತಡೆದರು. 1948ರಲ್ಲಿ ಅವರು ಗಾಲಿಕುರ್ಚಿಯವರಿಗಾಗಿ ನಡೆಸಿದ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಡಿಗಲ್ಲು ಹಾಕಿದವರಲ್ಲಿ ವೆಲ್ಲೂರಿನ ಮೇರಿ ವರ್ಗೀಸ್ ಮೊದಲಿಗರು. 1954ರಲ್ಲಿ ವಾಹನ ಅಪಘಾತದಲ್ಲಿ ಸ್ವತಃ ಬೆನ್ನುಹುರಿಗೆ ಪೆಟ್ಟಾಗಿ, ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿ, 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ಕಟ್ಟಿದವರು. ಕರ್ನಾಟಕದಲ್ಲಿ ಬೆಳ್ತಂಗಡಿ ಕಡೆಯ ಕೊಕ್ಕಡ ಸೌತಡ್ಕದಲ್ಲಿ ಬೆನ್ನುಹುರಿ ಅಪಘಾತಕ್ಕೊಳಗಾದವರಿಗೆಂದೇ ಸೇವಾಧಾಮವಿದೆ. ಅಂಥದ್ದೊಂದು ಬೆಟಗೇರಿಯಿಂದ ಒಂದು ತಾಸಿನ ಬಸ್ ಹಾದಿಯಲ್ಲಿ ಇರಬೇಕು ಎಂಬುದು ನನ್ನ ಆಸೆ. ಗದಗ-ಬೆಟಗೇರಿಗೆ ಅದು ಹೊಸ ಕೆಲಸವೂ ಅಲ್ಲ. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟು ಬದುಕು ಕಟ್ಟಿಕೊಟ್ಟರು. ಹೋದ ಕಣ್ಣು ಬರಲಿ ಎಂದು ಆ ಮಕ್ಕಳನ್ನು ಮೂಲೆಯಲ್ಲಿ ಕಾಯಲು ಬಿಡಲಿಲ್ಲ.

ಚಿಗವ್ವನ ಮೊಬೈಲಿನಲ್ಲಿ ಎರಡು ತಾಸಿಗೊಮ್ಮೆ ಅಲಾರಂ ಬಡಿಯುತ್ತದೆ. ಮೊದಲ ವರ್ಷ ಬಾಲಮೂಳೆಯ ಮೇಲೆ ಎದ್ದ ಹುಣ್ಣು ಮಾಯಲು ಎಂಟು ತಿಂಗಳು ಹಿಡಿದ ಮೇಲೆ ಆಕೆ ಕಲಿತ ಪಾಠ ಅದು. ಹನ್ನೊಂದು ವರ್ಷದಲ್ಲಿ ಇನ್ನೊಂದು ಹುಣ್ಣು ಏಳಗೊಟ್ಟಿಲ್ಲ.

ಆ ಸಂಜೆ ಇದರಲ್ಲಿ ಎಷ್ಟು ಹೇಳಲು ಬಂತೋ ಅಷ್ಟನ್ನು ಹೇಳಿದೆ. ಕಾಕಾ ಕಂಡಿಕೆಯ ರಾಟಿ ನಿಲ್ಲಿಸಿ ಕೇಳಿಸಿಕೊಂಡರು.

"ಅಂದ್ರ ನನ್ನ ಎಳಿ ಸತ್ತಿಲ್ಲ."

"ಇಲ್ಲ ಕಾಕಾ. ಮ್ಯಾಲಿನ ತುಂಡು ಜೀವಂತ ಐತಿ. ಮುಂದ ಹೋಗಾಕ ಹಾದಿ ಸಿಕ್ಕಿಲ್ಲ."

"ಎಲ್ಲಿಗೆ ಬಂದು ನಿಂತೈತಿ?"

ಅಂಗಿ ಎತ್ತಿ ಬೆನ್ನು ತೋರಿಸಿದರು. ನಡುಬೆನ್ನಿನಲ್ಲಿ ಆಪರೇಶನ್ನಿನ ಉದ್ದ ಗೆರೆ ಇತ್ತು. ಮೇಲಿನಿಂದ ಒಂದೊಂದೇ ಎಲುಬಿನ ಮಣಿಯ ಮೇಲೆ ಬೆರಳಿಡುತ್ತ ಬಂದೆ. ಹೂಂ, ಹೂಂ ಎನ್ನುತ್ತಿದ್ದರು. ಒಂದು ಕಡೆ ಸುಮ್ಮನಾದರು. ಬೆರಳನ್ನು ಒಂದು ಎಳ್ಳಷ್ಟು ಮೇಲೆ ಸರಿಸಿದೆ.

"ಇಲ್ಲಿ," ಎಂದರು. "ಇಲ್ಲೇ ಐತಿ. ಒಂದೀಟ ಹೊತ್ತು ಕೈ ಅಲ್ಲೇ ಇಡು."